ಇನ್ನೂ ಹಸಿಯಿದೆ

ಅಕ್ಟೋಬರ್ 1, 2023. ಭಾನುವಾರ. ಚೆಂಬೂರು, ಮುಂಬಯಿ

ಮಳೆ ಹಿಂದೆಗೆಯುತ್ತಿದೆ. ಸೆಕೆ. ತಂಗಿಯ ಮಗ ಬೆಂಗಳೂರಿನಿಂದ ಬೀಜ ಕಳಿಸಿದ್ದಾನೆ. ಅರ್ಕಾ ರಕ್ಷಕ್, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಎಲೆಮುದುರು ನಂಜು, ದುಂಡಾಣು ಸೊರಗು, ಅಂಗಮಾರಿ, ಮೂರನ್ನೂ ತಡೆದುಕೊಳ್ಳುತ್ತದಂತೆ.

ಜುಲೈಯಲ್ಲಿ ಟೊಮೆಟೊ ಕಿಲೋಗೆ ಇನ್ನೂರರ ಹತ್ತಿರ ಹೋದಾಗ ಸಾರಿಗೆ ಹುಣಿಸೆಹಣ್ಣೇ ಗತಿಯಾಗಿತ್ತು. ಈಗ ಸ್ಟೇಷನ್ ಬಜಾರಿನಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದಾರೆ. ಹಾಗಾಗಿ ಇದು ದುಡ್ಡು ಉಳಿಸುವ ಕೆಲಸವಲ್ಲ. ಬೆಳೆಸಬೇಕು ಅನ್ನಿಸಿದೆ, ಅಷ್ಟೆ.

ಗ್ರಿಲ್‌ನಲ್ಲಿ ತುಳಸಿಯ ಪಕ್ಕ ಜಾಗ ಮಾಡಿದೆ. ಬೆಳಗಿನ ಬಿಸಿಲು ಹನ್ನೆರಡರ ತನಕ. ಆಮೇಲೆ ನಮ್ಮದೇ ಬಿಲ್ಡಿಂಗಿನ ನೆರಳು.

ಇವರು ಪೇಪರಿನಿಂದ ತಲೆ ಎತ್ತಿ ಕೇಳಿದ್ದು ಒಂದೇ ಮಾತು. “ಯಾವುದ್ರಲ್ ನೆಡ್ತೆ?”

ಉತ್ತರ ಇರಲಿಲ್ಲ.

ಅಕ್ಟೋಬರ್ 4. ಬುಧವಾರ

ದೇವನಾರ್ ಕಡೆಯ ಒಂದು ನರ್ಸರಿಗೆ ಹೋಗಿದ್ದೆ. ಶೇಣಖತ್ ಅಂದರೆ ಸೆಗಣಿಗೊಬ್ಬರ, ಗಾಂಡೂಳ್ ಖತ್ ಅಂದರೆ ಎರೆಗೊಬ್ಬರ, ತೆಂಗಿನ ನಾರಿನ ಪುಡಿಯ ಕೊಕೊಪೀಟ್ ಇಟ್ಟಿಗೆ, ನಿಂಬೋಳಿ ಪೇಂಡ್ ಅಂದರೆ ಬೇವಿನಹಿಂಡಿ, ಪಾಟಿಂಗ್ ಮಿಕ್ಸ್. ಎಲ್ಲ ಚೀಲದ ಮೇಲೂ ಕೆಂಪು ಟೊಮೆಟೊ ಚಿತ್ರ. ಒಂದು ಚೀಲದ ಬಾಯಿ ಬಿಚ್ಚಿಸಿದೆ. ಒಳಗೆ ಕೈಯಿಟ್ಟರೆ ಬೆಚ್ಚಗಿತ್ತು, ಮೂಗಿಗೆ ಘಾಟು. ಮತ್ತೊಂದು ತಣ್ಣಗೆ, ಪುಡಿಪುಡಿ, ಮಳೆ ಬಿದ್ದ ಮಣ್ಣಿನ ವಾಸನೆ. ಎರಡಕ್ಕೂ ಒಂದೇ ಬೆಲೆ, ಒಂದೇ ಹೆಸರು.

“ಸಬ್ ಏಕ್ ಹೀ ಹೈ ಆಂಟಿ” ಅಂದ ಹುಡುಗ.

ಒಂದೇ ಅಲ್ಲ. ತಣ್ಣಗಿದ್ದ ಎರೆಗೊಬ್ಬರ, ಒಂದು ಕೊಕೊಪೀಟ್ ಇಟ್ಟಿಗೆ, ಒಂದಿಷ್ಟು ಶೇಣಖತ್, ಕೆಂಪು ಮಣ್ಣು ತಂದೆ.

ರಾತ್ರಿ ಇವರು ಕನ್ನಡಕ ಹಾಕಿಕೊಂಡು ಚೀಲದ ಸಣ್ಣಕ್ಷರ ಓದಿದರು. ಟ್ರಾಂಬೆಯ ರಸಗೊಬ್ಬರ ಕಾರ್ಖಾನೆ ಆರ್‌ಸಿಎಫ್‌ನ ಲ್ಯಾಬಿನಲ್ಲಿ ಆಯುಷ್ಯ ಕಳೆದವರು. 1985ರ ರಸಗೊಬ್ಬರ ನಿಯಂತ್ರಣ ಆದೇಶ ಬಾಯಿಪಾಠ. ಎರೆಗೊಬ್ಬರದಲ್ಲಿ ಸಾರಜನಕ ಕನಿಷ್ಠ ಶೇ. 1 ಇರಬೇಕು, ಸೀಸ ಕಿಲೋಗೆ 100 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 5. “ಇದ್ರಲ್ ಎಷ್ಟಿತ್ತ್ ಅಂದೇಳಿ ಬರೀಲಿಲ್ಲೆ” ಎಂದು ಚೀಲ ಮಡಚಿಟ್ಟರು. ರಿಟೈರಾದ ಮೇಲೆ ಇವರು ಇಷ್ಟು ಮಾತಾಡಿದ್ದು ಅಪರೂಪ.

ಅಕ್ಟೋಬರ್ 8. ಭಾನುವಾರ

ಬೀಜ ಸಣ್ಣ ಕಪ್ಪುಗಳಲ್ಲಿ, ತೊಳೆದ ಕೊಕೊಪೀಟ್ ತುಂಬಿ, ಊರಿಟ್ಟಿದ್ದೇನೆ. ಮೊಳಕೆಗೆ ಗೊಬ್ಬರ ಬೇಡ. ಅದರ ಹೊಟ್ಟೆಗೆ ಬೇಕಾದ್ದು ಬೀಜದೊಳಗೇ ಇದೆ.

ಬೆಳಿಗ್ಗೆ ಸೊಸೈಟಿಯ ಗೊಬ್ಬರ ಗುಂಡಿ ನೋಡಲು ಕೆಳಗಿಳಿದೆ. ದೊಡ್ಡ ಸೊಸೈಟಿಗಳು ಹಸಿ ಕಸವನ್ನು ಒಳಗೇ ಗೊಬ್ಬರ ಮಾಡಿಕೊಳ್ಳಬೇಕೆಂದು ಪಾಲಿಕೆ 2017ರ ಅಕ್ಟೋಬರ್‌ನಲ್ಲಿ ನಿಯಮ ತಂದಾಗ ಕಟ್ಟಿದ ಇಟ್ಟಿಗೆ ತೊಟ್ಟಿಗಳು. ಪಂಪ್ ರೂಮಿನ ಹಿಂದೆ. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ದಾಟಿದ ಜಾಗ.

ಗುಂಡಿ ತಿರುವುವ ಮೌಶಿ ಗೋವಂಡಿಯವಳು. ಸಲಿಕೆಯಲ್ಲಿ ಒಂದು ಹಿಡಿ ಎತ್ತಿದಳು, ಹಿಂಡಿದಳು, ಮೂಸಿದಳು. “ಅಜೂನ್ ಕಚ್ಚಂ ಆಹೆ.” ಇನ್ನೂ ಹಸಿ. ಪಕ್ಕದ ತೊಟ್ಟಿಗೆ ಹೋಗಿ ಅಡಿಯಿಂದ ತೆಗೆದು ಕೊಟ್ಟಳು. ಕಪ್ಪು, ಹಗುರ. ಹಿಂಡಿದರೆ ಉಂಡೆಯಾಗುತ್ತದೆ, ನೀರು ಒಸರುವುದಿಲ್ಲ, ಬೆರಳು ತಾಗಿಸಿದರೆ ಉದುರುತ್ತದೆ. ಮೊಟ್ಟೆ ಚಿಪ್ಪಿನ ಚೂರು, ಮಾವಿನ ಗೊರಟು, ಒಂದು ಬಟನ್.

ಯಾವ ಪರೀಕ್ಷೆಯೂ ಇಲ್ಲದೆ ಅವಳಿಗೆ ಗೊತ್ತು.

ಅಕ್ಟೋಬರ್ 12. ಗುರುವಾರ

ತಂಗಿಯ ಮಗ, ಬೀಜ ಕಳಿಸಿದ ಹುಡುಗ, ಫೋನ್ ಮಾಡಿದ. ಜಿಕೆವಿಕೆಯಲ್ಲಿ ಕೃಷಿ ಓದಿದವನು, ಗೊಬ್ಬರದ ಸುದ್ದಿ ಎತ್ತಿದರೆ ಸಾಕು. “ದೊಡ್ಡಮ್ಮ, ನಿಮ್ಮ ಗುಂಡಿ ಇಂದೋರ್ ಪದ್ಧತಿಯದಾ, ಬೆಂಗಳೂರು ಪದ್ಧತಿಯದಾ?”

ಆಲ್ಬರ್ಟ್ ಹೋವರ್ಡ್ 1924ರಿಂದ 31ರವರೆಗೆ ಇಂದೋರಿನಲ್ಲಿದ್ದು ರೂಪಿಸಿದ್ದು ತಿರುವುವ ಪದ್ಧತಿ. ಗಾಳಿ ಆಡಬೇಕು, ಬಿಸಿ ಏರಬೇಕು, ಮೂರು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಸಿ.ಎನ್. ಆಚಾರ್ಯ 1939ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಮಾಡಿದ್ದು ಮುಚ್ಚಿಡುವ ಪದ್ಧತಿ. ಪದರ ಪದರ ಹಾಕಿ, ಮಣ್ಣು ಮೆತ್ತಿ, ಆರೆಂಟು ತಿಂಗಳು ಮುಟ್ಟುವ ಹಾಗಿಲ್ಲ. ಕೂಲಿ ಕಡಿಮೆ, ಕಾಯುವುದು ಹೆಚ್ಚು.

ನಮ್ಮ ಮೌಶಿ ತಿರುವುತ್ತಾಳೆ. ಹಾಗಾದರೆ ಇಂದೋರ್. ಅವಳಿಗೆ ಬೆನ್ನು ನೋವು ಬಂದ ವಾರ ಬೆಂಗಳೂರು.

ಅವನು ಹೇಳಿದ ಪರೀಕ್ಷೆ: ಗೊಬ್ಬರದಲ್ಲಿ ಮೆಂತ್ಯ ಬಿತ್ತಿ ನೋಡು. ಬೇರೆ ಸ್ವಲ್ಪವನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡು. ಬಿಚ್ಚಿದಾಗ ಹುಳಿ ವಾಸನೆ ಬಂದರೆ ಹಸಿ. ಮಣ್ಣಿನ ವಾಸನೆ ಬಂದರೆ ಕಳಿತಿದೆ.

ಎಲ್ಲದರಲ್ಲೂ ಬಿತ್ತಿದ್ದೇನೆ. ಅಡಿಗೆಮನೆ ಕಟ್ಟೆ ತುಂಬ ಕರಟ.

ಅಕ್ಟೋಬರ್ 19. ಗುರುವಾರ

ಎರೆಗೊಬ್ಬರದಲ್ಲಿ ಮೆಂತ್ಯ ಒತ್ತಾಗಿ ಬಂದಿದೆ. ಮೌಶಿ ಕೊಟ್ಟಿದ್ದರಲ್ಲೂ ಬಂದಿದೆ, ಎರಡು ದಿನ ತಡವಾಗಿ. ಶೇಣಖತ್‌ನದ್ದು ತುದಿ ಹಳದಿ. ಇನ್ನೂ ಹಸಿ. ಅದನ್ನು ಇನ್ನಷ್ಟು ಕಳಿಯಲೆಂದು ಗೋಣಿಯಲ್ಲಿ ಕಟ್ಟಿ ನೆರಳಿಗಿಟ್ಟೆ.

ಅಮ್ಮ ಕೋಟದ ಮನೆಯಲ್ಲಿ ಹಟ್ಟಿಗೊಬ್ಬರವನ್ನು ಆ ವರ್ಷವೇ ಬಸಳೆ ಬುಡಕ್ಕೆ ಹಾಕಲು ಬಿಡುತ್ತಿರಲಿಲ್ಲ. “ಹಸಿ ಗೊಬ್ರ ಬೇರ್ ಬೇಯಿಸುತ್ತ್.” ತರಕಾರಿಗೆ ಸುಡುಮಣ್ಣು. ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಹೊದಿಸಿ ನಿಧಾನ ಬೆಂಕಿ. ದಿನಗಟ್ಟಲೆ ಹೊಗೆಯಾಡುತ್ತಿತ್ತು. ಆರಿದ ಮೇಲೆ ಮಣ್ಣು ಕೈಗೆ ಹತ್ತಿ ಬರುವಷ್ಟು ಹಗುರ. ಬೆಂಡೆ, ಅಲಸಂಡೆ, ಮಲ್ಲಿಗೆಗೆ ಅದೇ.

ಇಲ್ಲಿ ಸುಡುವ ಹಾಗಿಲ್ಲ. ಸುಡಲೂಬಾರದು. ಈ ತಿಂಗಳು ಮುಂಬಯಿಯ ಗಾಳಿ ಹೇಗಿದೆಯೆಂದು ದಿನಾ ಟಿವಿ ಹೇಳುತ್ತಿದೆ.

ಅಕ್ಟೋಬರ್ 24. ವಿಜಯದಶಮಿ

ಛೇಡಾ ನಗರದ ಸುಬ್ರಹ್ಮಣ್ಯ ಮಠಕ್ಕೆ ಹೋಗಿ ಬಂದೆವು. ಬಾಗಿಲಲ್ಲಿ ಚೆಂಡುಹೂವಿನ ರಾಶಿ. ಗಣೇಶ ವಿಸರ್ಜನೆಯ ಕಾಲದಲ್ಲಿ ನಿರ್ಮಾಲ್ಯ ಕಲಶ ಇಟ್ಟು ಪಾಲಿಕೆಯವರು ಹೂವನ್ನು ಗೊಬ್ಬರಕ್ಕೆ ಒಯ್ಯುತ್ತಾರೆ. ಒಳ್ಳೆಯದೇ. ಆದರೆ ಆ ಹೂವಿಗೆ ಎಷ್ಟು ಔಷಧಿ ಹೊಡೆದಿರುತ್ತಾರೋ.

ಎಲ್ಲದರಲ್ಲೂ ಈ ಅನುಮಾನ. ದಾರಿಯಲ್ಲಿ ಇವರಿಗೆ ಹೇಳಿದೆ. “ಅಳೀದೆ ಹೆದರುಕಾಗ” ಅಂದರು.

ಎಲ್ಲಿ ಅಳೆಯುವುದು ಎಂದು ಕೇಳಲಿಲ್ಲ. ಇವರೂ ಹೇಳಲಿಲ್ಲ.

ನವೆಂಬರ್ 2. ಗುರುವಾರ

ನೆಟ್ಟಾಯಿತು. ಪೇಂಟಿನ ಹಳೇ ಡಬ್ಬ ಬೇಡವೆಂದು ಇವರದು ಹಟ. ಬಣ್ಣದಲ್ಲಿ ಏನಿತ್ತೋ. ಅಡಿಗೆ ಎಣ್ಣೆಯ ದೊಡ್ಡ ಡಬ್ಬ ಮೂರು, ಬುಡಕ್ಕೆ ತೂತು.

ಒಂದು: ಕೊಕೊಪೀಟ್ ಅರ್ಧ, ಎರೆಗೊಬ್ಬರ ಅರ್ಧ. ಮಣ್ಣಿಲ್ಲ. ಹಗುರ.

ಎರಡು: ಮೌಶಿಯ ಗೊಬ್ಬರ ಒಂದು ಪಾಲು, ಕೆಂಪು ಮಣ್ಣು ಒಂದು, ಕೊಕೊಪೀಟ್ ಒಂದು. ಬೇವಿನಹಿಂಡಿ ಒಂದು ಹಿಡಿ.

ಮೂರು: ಗೋಣಿಯಲ್ಲಿಟ್ಟಿದ್ದ ಶೇಣಖತ್, ಕೆಂಪು ಮಣ್ಣು, ಮತ್ತು ಇವರ ಕಾರ್ಖಾನೆಯ ರಸಗೊಬ್ಬರ ಸುಫಲಾ. 15:15:15. ಅರ್ಧ ಚಮಚಕ್ಕೂ ಕಡಿಮೆ, ಬುಡದಿಂದ ದೂರ, ಸುತ್ತ. ತಾವೇ ತೂಗಿ ಹಾಕಿದರು. ಕಲ್ಲುರಂಜಕವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದಲ್ಲಿಂದ ಹರಳಾಗುವ ತನಕ ಹೇಳಿದರು. ಕೇಳಿದೆ. ಇಷ್ಟು ವರ್ಷ ಇವರ ಕೆಲಸ ಏನೆಂದು ನಾನು ಸರಿಯಾಗಿ ಕೇಳಿಯೇ ಇರಲಿಲ್ಲವೇನೋ.

ಹೊಲದಲ್ಲಾದರೆ ಬೇರು ಇಲ್ಲಿ ಸಿಗದ್ದನ್ನು ಅಲ್ಲಿ ಹುಡುಕುತ್ತದೆ. ಕುಂಡದ ಗಿಡಕ್ಕೆ ಬೇರೆ ಊರಿಲ್ಲ. ಕೊಟ್ಟದ್ದರಲ್ಲೇ ಬದುಕಬೇಕು.

ನವೆಂಬರ್ 12. ದೀಪಾವಳಿ

ರಾತ್ರಿಯೆಲ್ಲ ಪಟಾಕಿ. ಬೆಳಿಗ್ಗೆ ಎಲೆಗಳ ಮೇಲೆ ಬೆರಳಾಡಿಸಿದರೆ ಕಪ್ಪು. ಒಂದೊಂದೇ ಎಲೆ ಒರೆಸಿದೆ.

2016ರ ಜನವರಿ ನೆನಪಾಯಿತು. ದೇವನಾರಿನ ಕಸದ ಗುಡ್ಡಕ್ಕೆ ಬೆಂಕಿ ಹತ್ತಿ ದಿನಗಟ್ಟಲೆ ಹೊಗೆ. ಕಿಟಕಿಗೆ ಒದ್ದೆ ಬೈರಾಸು ಕಟ್ಟಿ ಮಲಗಿದ್ದೆವು. 1927ರಿಂದ ಆ ಗುಡ್ಡ ಬೆಳೆಯುತ್ತಿದೆ. ನಾನು ಈ ಊರಿಗೆ ಬಂದ ಮೇಲೆ ಸುಲಿದ ಪ್ರತಿ ಬಾಳೆಹಣ್ಣಿನ ಸಿಪ್ಪೆ, ಹಿಂಡಿದ ಪ್ರತಿ ತೆಂಗಿನ ಹೂವಿನ ಚರಟ, ಸೊಸೈಟಿ ಗುಂಡಿ ಬರುವ ತನಕ ಅಲ್ಲಿಗೇ ಹೋಯಿತು. ಮೌಶಿಯ ಮನೆ ಅದರ ಬುಡದಲ್ಲಿ.

ನವೆಂಬರ್ 15. ಬುಧವಾರ

ಎರಡನೇ ಡಬ್ಬದಲ್ಲಿ ಕರೆಯದ ನೆಂಟರು. ಮೌಶಿಯ ಗೊಬ್ಬರದಿಂದ ಸಿಹಿಗುಂಬಳ, ಮೆಣಸು, ಟೊಮೆಟೊ ಎದ್ದಿವೆ. ಯಾರ ಅಡಿಗೆಮನೆಯದೋ. ಹುಡುಗನಿಗೆ ಹೇಳಿದರೆ, ಗುಂಡಿ ಸಾಕಷ್ಟು ಬಿಸಿಯಾಗಿಲ್ಲ, 55 ಡಿಗ್ರಿ ಕೆಲವು ದಿನ ನಿಂತಿದ್ದರೆ ಈ ಬೀಜಗಳು ಸಾಯುತ್ತಿದ್ದವು ಎಂದ. ರೋಗದ ಬೀಜಾಣುವೂ ಉಳಿದಿರಬಹುದಂತೆ. ಒಣ ಎಲೆ ಹೆಚ್ಚು ಬೇಕು, ರಾಶಿ ದೊಡ್ಡದಾಗಬೇಕು.

ಕಿತ್ತು ಎಸೆಯಬೇಕಿತ್ತು. ಒಂದು ಟೊಮೆಟೊ ಸಸಿಯನ್ನು ಮೌಶಿಗೆ ಕೊಟ್ಟೆ. ಎಣ್ಣೆ ಡಬ್ಬ ಅವಳಿಗೂ ಒಂದು ಹುಡುಕಿಕೊಟ್ಟೆ.

ನವೆಂಬರ್ 27. ಸೋಮವಾರ

ನಿನ್ನೆ ಅಕಾಲ ಮಳೆ. ಒಂದನೇ ಡಬ್ಬ ನೆನೆದು ಭಾರ. ಮೂರನೆಯದರಿಂದ ಕೆಂಪು ನೀರು ಇಳಿದು ಕೆಳಮನೆಯವರ ಬಿಳಿ ಶರ್ಟಿನ ಮೇಲೆ. ಆಕೆ ಜಗಳಾಡಲಿಲ್ಲ. ಶರ್ಟು ತೋರಿಸಿದರು, ಅಷ್ಟೆ. ಒಗೆದು ಕೊಡುತ್ತೇನೆಂದು ತಂದಿದ್ದೇನೆ. ಡಬ್ಬಗಳ ಕೆಳಗೆ ತಟ್ಟೆ ಇಟ್ಟೆ.

ಇಳಿದು ಹೋದ ನೀರಿನಲ್ಲಿ ಗೊಬ್ಬರವೂ ಹೋಯಿತು. ಕುಂಡಕ್ಕೆ ಒಮ್ಮೆ ಹಾಕಿ ಕೂರುವಂತಿಲ್ಲ ಎನ್ನುವುದು ಇದಕ್ಕೇ.

ಡಿಸೆಂಬರ್ 7. ಗುರುವಾರ

ಹೂ! ಮೂರನೆಯದರಲ್ಲಿ ಮೊದಲು. ಇವರು ಕಾಫಿ ಲೋಟ ಹಿಡಿದು ಗ್ರಿಲ್ ಮುಂದೆ ನಿಂತೇ ಇದ್ದರು.

ರಾತ್ರಿ ತಂಪು. ಟೊಮೆಟೊ ಕಾಯಿ ಕಚ್ಚಲು ರಾತ್ರಿಯ ಸೆಕೆ ಇಳಿಯಬೇಕು. ಮುಂಬಯಿಯಲ್ಲಿ ಅದಕ್ಕೆ ಸಿಗುವುದು ಈ ಎರಡು ಮೂರು ತಿಂಗಳು ಮಾತ್ರ. ನಮ್ಮ ಎಂಟನೇ ಮಹಡಿಗೆ ಜೇನು ಬಂದದ್ದು ಕಾಣಲಿಲ್ಲ. ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ.

ಒಂದನೆಯದು ಎತ್ತರಕ್ಕೆ ಬೆಳೆದಿದೆ, ಆದರೆ ಕೆಳಗಿನ ಎಲೆಗಳ ನರದ ನಡುವೆ ಹಳದಿ. ಎರಡನೆಯದು ಗಿಡ್ಡ, ದಪ್ಪ ಕಾಂಡ, ಅವಸರವಿಲ್ಲ.

ಡಿಸೆಂಬರ್ 20. ಬುಧವಾರ

ಒಂದನೆಯದರ ಕಾಯಿಗಳ ಬುಡದಲ್ಲಿ ಕಪ್ಪು ಮಚ್ಚೆ. ಚರ್ಮ ತಗ್ಗಿದೆ. ನೋಡಿ ಸಂಕಟವಾಯಿತು.

ಇವರಿಗೆ ತಕ್ಷಣ ತಿಳಿಯಿತು. ಕ್ಯಾಲ್ಸಿಯಂ. ತೆಂಗಿನ ನಾರಿನ ಪುಡಿಯಲ್ಲಿ ಪೊಟ್ಯಾಶಿಯಂ, ಸೋಡಿಯಂ ತುಂಬಿರುತ್ತದೆ. ನಾವು ಕೊಡುವ ಕ್ಯಾಲ್ಸಿಯಂ ಅನ್ನು ಆ ಪುಡಿಯೇ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ದೊಡ್ಡ ಬೆಳೆಗಾರರು ಮೊದಲೇ ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ತೊಳೆಯುತ್ತಾರೆ. ಹುಡುಗ ಇನ್ನೊಂದು ಸೇರಿಸಿದ: ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ, ಒದ್ದೆಯೆಂದು ಬಿಟ್ಟರೆ ಪೂರಾ ಒಣಗುತ್ತದೆ. ನೀರು ಏರುಪೇರಾದರೆ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ತಲುಪುವುದಿಲ್ಲ.

ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕೆಂದು ಮೇಲ್ಮನೆಯವರು. ಅದು ಕರಗಲು ತಿಂಗಳುಗಟ್ಟಲೆ ಬೇಕು. ಈ ಕಾಯಿಗಳಿಗೆ ಅಷ್ಟು ಸಮಯವಿಲ್ಲ.

ಡಿಸೆಂಬರ್ 23. ಶನಿವಾರ

ಬೂದಿಯ ಯೋಚನೆ. ಹೂಬಿಟ್ಟ ಗಿಡಕ್ಕೆ ಪೊಟ್ಯಾಷ್ ಬೇಕು, ಊರಲ್ಲಾದರೆ ಒಲೆಯ ಬೂದಿ. ಪಾವ್ ಬೇಕರಿಯಲ್ಲಿ ಕಟ್ಟಿಗೆ ಉರಿಸುತ್ತಾರಲ್ಲ, ಕೇಳಿ ಒಂದು ಚೀಲ ತಂದೆ.

ಇವರು ತಡೆದರು. ಬೇಕರಿಗೆ ಬರುವುದು ಹಳೇ ಬಾಗಿಲು, ಮುರಿದ ಪೀಠೋಪಕರಣ. ಮೇಲಿನ ಬಣ್ಣ, ಪಾಲಿಶ್, ಮೊಳೆ ಎಲ್ಲ ಸೇರಿ ಉರಿದ ಬೂದಿ. ಸೀಸ ಬೆಂಕಿಗೆ ಹೋಗುವುದಿಲ್ಲ.

ಚೀಲ ಬಾಗಿಲ ಹಿಂದೆ ಇದೆ. ಹಾಕುವುದಿಲ್ಲ. ಎಸೆಯುವುದು ಎಲ್ಲಿಗೆ? ಮತ್ತೆ ದೇವನಾರಿಗೇ.

ಜನವರಿ 6, 2024. ಶನಿವಾರ

ಅಣುಶಕ್ತಿ ನಗರದ ಗೆಳತಿ ಬಂದಿದ್ದಳು. ಟ್ರಾಂಬೆಯ ಬಿಎಆರ್‌ಸಿಯಲ್ಲಿ ಶರದ್ ಕಾಳೆಯವರು ರೂಪಿಸಿದ ನಿಸರ್ಗಋಣ ಸ್ಥಾವರದ ವಿಷಯ ಹೇಳಿದಳು. ಅಡಿಗೆಮನೆಯ ಕಸ ಅರೆದು ಒಳಗೆ ಬಿಟ್ಟರೆ ಒಂದು ಕಡೆ ಅಡಿಗೆ ಅನಿಲ, ಇನ್ನೊಂದು ಕಡೆ ಗೊಬ್ಬರ. ಚೆಂಬೂರಿನ ಸುತ್ತ ಏನೆಲ್ಲ ಇದೆ. ರಸಗೊಬ್ಬರದ ಕಾರ್ಖಾನೆ, ಕಸದ ಗುಡ್ಡ, ಕಸವನ್ನು ಅನಿಲ ಮಾಡುವ ಜಾಣತನ. ನಾನು ಹಿಡಿ ಗೊಬ್ಬರಕ್ಕಾಗಿ ಚೀಲ ಮೂಸುತ್ತಿದ್ದೇನೆ.

ಸೀಸದ ಮಾತು ಬಂತು. ಪೆಟ್ರೋಲಿನಲ್ಲಿ ಸೀಸ ನಿಂತಿದ್ದು 2000ದಲ್ಲಿ. ಮಣ್ಣಿಗೆ ಇಳಿದದ್ದು ಮಣ್ಣಿನಲ್ಲೇ ಇದೆ. ಸೊಪ್ಪು, ಗೆಡ್ಡೆಗೆ ಹೋಲಿಸಿದರೆ ಟೊಮೆಟೊ ಹಣ್ಣಿಗೆ ಸೀಸ ಏರುವುದು ಬಹಳ ಕಡಿಮೆ. ಇದು ಸಮಾಧಾನ. ಪೂರ್ತಿ ಅಲ್ಲ. ಕೆಂಪು ಮಣ್ಣಿನ ಚೀಲ ಎಲ್ಲಿಂದ ಬಂದದ್ದೋ.

ಜನವರಿ 15. ಸಂಕ್ರಾಂತಿ

ಮೊದಲ ಹಣ್ಣು. ಮೂರನೇ ಡಬ್ಬದ್ದು. ಇವರೇ ಕೊಯ್ದರು. ದೇವರ ಮುಂದಿಟ್ಟು, ಎಳ್ಳು ಬೆಲ್ಲದ ಜೊತೆ ಹೋಳು ಮಾಡಿ ತಿಂದೆವು. ಗಟ್ಟಿ ಸಿಪ್ಪೆ, ಹದವಾದ ಹುಳಿ. ಚೆನ್ನಾಗಿತ್ತು.

ಇವರ ಮುಖದಲ್ಲಿ ಏನೋ ಇತ್ತು. ಲ್ಯಾಬಿನಲ್ಲಿ ತೂಗಿದ, ಅಳೆದ ಆ ಹರಳು ಹಣ್ಣಾಗಿ ಕೈಗೆ ಬಂದದ್ದು ಇದೇ ಮೊದಲು ಅಂದರು. ಇಷ್ಟು ವರ್ಷ ಬರೀ ಚೀಲ ನೋಡಿದ್ದು.

ಎರಡನೆಯದು ಗೆಲ್ಲಲಿ ಎಂದು ನಾನು ಒಳಗೊಳಗೇ ಬಯಸಿದ್ದೆ. ಇವರ ಸಂತೋಷ ನೋಡಿದ ಮೇಲೆ ಆ ಬಯಕೆ ಮೊದಲಿನಷ್ಟು ಇಲ್ಲ.

ಜನವರಿ 30. ಮಂಗಳವಾರ

ಮೌಶಿ ಬಾಗಿಲಿಗೆ ಬಂದಳು. ಅವಳ ಗಿಡ ಹೂಬಿಟ್ಟಿದೆ. ಎಲೆ ಮುದುರಿಕೊಂಡಿದೆ ಎಂದೂ ಹೇಳಿದಳು. ಬಿಳಿನೊಣ ಇರಬೇಕು. ಅದು ಯಾವ ತಳಿಯೋ, ರಕ್ಷಕ್ ಅಲ್ಲ. ಬೇವಿನೆಣ್ಣೆ ಕೊಟ್ಟೆ, ಸೋಪಿನ ನೀರಿನಲ್ಲಿ ಕಲಸಿ ಎಲೆಯ ಅಡಿಗೆ ಸಿಂಪಡಿಸು ಎಂದೆ.

ಅವಳ ಮಾತು: ನಿಮ್ಮ ವಿಂಗಿನವರು ಈಗ ಕಸ ಬೇರೆ ಮಾಡಿ ಕೊಡುತ್ತಾರೆ, ಇನ್ನೊಂದು ವಿಂಗಿನಿಂದ ಬರುವ ಚೀಲದಲ್ಲಿ ಡಯಾಪರ್, ಬ್ಯಾಟರಿ, ಬ್ಲೇಡು. ಬೆರಳು ತೋರಿಸಿದಳು.

ಗೊಬ್ಬರ ಆರಿಸುವುದೆಂದರೆ ನರ್ಸರಿಯಲ್ಲಿ ಚೀಲ ಆರಿಸುವುದು ಅಂದುಕೊಂಡಿದ್ದೆನಲ್ಲ. ಅದು ಅಡಿಗೆಮನೆಯಲ್ಲೇ ನಡೆಯುತ್ತದೆ, ಯಾವ ಡಬ್ಬಿಗೆ ಏನು ಹಾಕುತ್ತೇವೆ ಎನ್ನುವಲ್ಲಿ. ಉಳಿದದ್ದು ಅವಳ ಕೈ.

ಒಳ್ಳೆಯ ಕೈಗವಸು ಕೊಡಿಸಬೇಕು, ರಬ್ಬರಿನದ್ದು. ಸೆಕ್ರೆಟರಿಗೆ ಹೇಳಿದರೆ ಬಜೆಟ್ ಅನ್ನುತ್ತಾರೆ. ನಾವೇ ಕೊಡಿಸುವುದು ಬೇಗ. ಆದರೆ ಸೊಸೈಟಿ ಕೊಡಬೇಕಾದ್ದು ಅದು.

ಫೆಬ್ರವರಿ 18. ಭಾನುವಾರ

ಲೆಕ್ಕ ಹೀಗಿದೆ. ಮೂರನೆಯದು ಬೇಗ ಕೊಟ್ಟಿತು, ಒಟ್ಟಿಗೆ ಕೊಟ್ಟಿತು, ಈಗ ಸುಸ್ತು. ಇವರು ಇನ್ನೊಮ್ಮೆ ಹರಳು ಹಾಕಿದ್ದಾರೆ. ಒಂದನೆಯದು ಎರೆಗೊಬ್ಬರ ಮೇಲುಹಾಸಿದ ಮೇಲೆ, ನೀರು ದಿನಾ ಒಂದೇ ಹೊತ್ತಿಗೆ ಕೊಟ್ಟ ಮೇಲೆ, ಮಚ್ಚೆಯಿಲ್ಲದ ಕಾಯಿ ಬಿಡುತ್ತಿದೆ. ಎರಡನೆಯದರಲ್ಲಿ ಹಣ್ಣು ಸಣ್ಣದು, ಆದರೆ ಬಿಡುವಿಲ್ಲದೆ. ಎಲೆ ಇನ್ನೂ ಹಸಿರು.

ಯಾವುದು ರುಚಿ? ಕಣ್ಣು ಮುಚ್ಚಿ ತಿಂದು ನೋಡಿದೆವು. ನನಗೆ ಎರಡನೆಯದು, ಇವರಿಗೆ ಮೂರನೆಯದು. ಅದು ನಾಲಿಗೆಯ ಮಾತೋ ಮನಸ್ಸಿನದೋ ಹೇಳಲಾರೆ.

ಮುಂದಿನ ಸಲಕ್ಕೆ ಇಬ್ಬರೂ ಒಪ್ಪಿದ ಮಿಶ್ರಣ: ಕಳಿತ ಗೊಬ್ಬರ ಮೂರರಲ್ಲೊಂದು, ಕೆಂಪು ಮಣ್ಣು ಮೂರರಲ್ಲೊಂದು, ಚೆನ್ನಾಗಿ ತೊಳೆದ ಕೊಕೊಪೀಟ್ ಮೂರರಲ್ಲೊಂದು. ಬೇವಿನಹಿಂಡಿ. ಹೂವಿನ ಹೊತ್ತಿಗೆ ಮತ್ತೊಂದು ಹಿಡಿ ಗೊಬ್ಬರ. ಹರಳು ಹಾಕುವುದೋ ಬೇಡವೋ, ತೀರ್ಮಾನವಾಗಿಲ್ಲ.

“ಕಾಂಬ” ಅಂದರು. ನೋಡೋಣ.

ಮಾರ್ಚ್ 8. ಶುಕ್ರವಾರ. ಶಿವರಾತ್ರಿ

ಸೆಕೆ ಏರಿದೆ. ಹೂ ಉದುರುತ್ತಿವೆ. ಈ ವರ್ಷದ್ದು ಮುಗಿಯಿತು.

ಕಾಂಪೌಂಡಿನ ಕಾಡುಬಾದಾಮಿ ಎಲೆ ಉದುರಿಸುತ್ತಿದೆ. ಕೆಂಪು, ದಪ್ಪ ಎಲೆಗಳು. ಗುಡಿಸಿ ಕಸದ ಲಾರಿಗೆ ಹಾಕುತ್ತಿದ್ದರು. ವಾಚ್‌ಮನ್‌ಗೆ ಹೇಳಿ ಗೋಣಿಗಳಲ್ಲಿ ತುಂಬಿಸಿಟ್ಟೆ. ಹಸಿ ಕಸಕ್ಕೆ ಎರಡು ಮೂರು ಪಟ್ಟು ಒಣ ಎಲೆ ಬಿದ್ದರೆ ಗುಂಡಿ ನಾರುವುದಿಲ್ಲ, ಬಿಸಿಯೂ ಏರುತ್ತದೆ. ಮಳೆಗಾಲದಲ್ಲಿ ಒಣ ಎಲೆ ಹುಡುಕಿದರೂ ಸಿಗದು.

ಆದರೆ ಗುಂಡಿ ಇರುತ್ತದೋ ಇಲ್ಲವೋ. ನೋಟಿಸ್ ಬೋರ್ಡಿನಲ್ಲಿ ಬರೆದಿದ್ದಾರೆ: 17ರ ಸಭೆಯಲ್ಲಿ ಗುಂಡಿ ತೆಗೆದು ವಿದ್ಯುತ್ ಯಂತ್ರ ಹಾಕುವ ಪ್ರಸ್ತಾಪ. ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರವಂತೆ. ವಾಸನೆಯಿಲ್ಲ, ತಿರುವುವ ಕೆಲಸವಿಲ್ಲ. ಹಾಗಾದರೆ ಮೌಶಿ? ನೋಟಿಸಿನಲ್ಲಿ ಆ ಸಾಲಿಲ್ಲ. ತಿರುವುವ ಕೆಲಸ ತಪ್ಪಿದರೆ ಅವಳ ಬೆನ್ನಿಗೆ ಒಳ್ಳೆಯದು, ಸಂಬಳ ತಪ್ಪಿದರೆ? ಅವಳನ್ನೇ ಕೇಳಿದೆ. “ಕೆಲಸ ಬೇಕು, ಬ್ಲೇಡು ಬೇಡ” ಎಂದಳು.

ಇವರು ಹೇಳಿದರು: ಒಂದು ದಿನದಲ್ಲಿ ಕಾಯಿಸಿ, ಅರೆದು, ಒಣಗಿಸಬಹುದು. ಕಳಿಯುವುದು ಒಂದು ದಿನದ ಕೆಲಸವಲ್ಲ, ಸೂಕ್ಷ್ಮಜೀವಿಗಳಿಗೆ ಅವುಗಳ ಕಾಲ ಬೇಕು. ಆ ಪುಡಿಯನ್ನು ಮತ್ತೆ ರಾಶಿ ಹಾಕಿ ವಾರಗಟ್ಟಲೆ ಬಿಟ್ಟರೆ ಮಾತ್ರ ಗಿಡಕ್ಕೆ ಆಗುತ್ತದೆ. ಜೀವಮಾನವಿಡೀ ಕಾರ್ಖಾನೆಯ ಪರ ಮಾತಾಡಿದವರು ಇದನ್ನು ಹೇಳಿದ್ದು.

ಪಕ್ಕದ ಸೊಸೈಟಿಯಲ್ಲಿ ಅಂಥ ಯಂತ್ರವಿದೆ. ಅಲ್ಲಿಂದ ಒಂದು ಡಬ್ಬಿ ಪುಡಿ ಕೇಳಿ ತಂದಿದ್ದೇನೆ. ಮೌಶಿಯ ಹತ್ತಿರ ಒಂದು ಡಬ್ಬಿ ಗೊಬ್ಬರ ಇಸಿದುಕೊಂಡೆ. ಎರಡರಲ್ಲೂ ಮೆಂತ್ಯ ಬಿತ್ತಿ ಸಭೆಗೆ ಒಯ್ಯಬೇಕು. ಏನು ಬರುತ್ತದೋ ಅದನ್ನೇ ತೋರಿಸುವುದು, ಯಂತ್ರದ್ದು ಚೆನ್ನಾಗಿ ಬಂದರೂ ಮುಚ್ಚಿಡಬಾರದು. ಮೌಶಿಯೂ ಬಂದು ಮಾತಾಡಲಿ ಎಂದು ಕಮಿಟಿಗೆ ಚೀಟಿ ಬರೆದಿದ್ದೇನೆ. ಸದಸ್ಯಳಲ್ಲ ಎನ್ನುತ್ತಾರೇನೋ.

ಇವರು ಸಭೆಗೆ ಹೋಗುವವರಲ್ಲ. ಈ ಸಲ ಬರುತ್ತೇನೆ ಅಂದಿದ್ದಾರೆ. ಮೆಂತ್ಯ ನೆನೆಹಾಕಿದ್ದೇನೆ, ನಾಳೆ ಬೆಳಿಗ್ಗೆ ಬಿತ್ತುವುದು.